ಪೂವಪ್ಪನವರ ಕೋವಿ

ಏಪ್ರಿಲ್ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ಊರಿನಿಂದ ತಿಲಕನ ಫೋನ್ ಬಂದಾಗ ಲತೇಶನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕುಳಿತಿದ್ದರು. ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ, ಸಂಸಾರಗಳಿಗೆ ಪಾಲು ಮಾಡಿ ಬಾಡಿಗೆಗೆ ಕೊಟ್ಟ ಒಂದು ವಿಲ್ಲಾದ ಮೇಲಿನ ಭಾಗ ಅವರದು. ವಾರದ ಉಳಿದ ದಿನಗಳಲ್ಲಿ ಲತೇಶ ಮುಸಫ್ಫಾದ ಕಂಪೆನಿಯಲ್ಲೇ ಊಟದ ಡಬ್ಬಿ ಬಿಚ್ಚುತ್ತಿದ್ದ. ಮಗಳು ಪ್ರಾಪ್ತಿ ಶಾಲೆಯಿಂದ ಬಂದು ಒಬ್ಬಳೇ ಉಣ್ಣುತ್ತಿದ್ದಳು. ಹೆಂಡತಿ ಭವ್ಯಶ್ರೀಗೆ ಎಲ್ಲರಿಗೂ ಒಟ್ಟಿಗೆ ಬಡಿಸಲು ಸಿಗುತ್ತಿದ್ದದ್ದು ಶುಕ್ರವಾರ ಮಾತ್ರ. ಅಂದು ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ತೊಂಡೆಕಾಯಿ ಪಲ್ಯ. ಫೆಬ್ರವರಿಯಲ್ಲಿ ವಿಸಿಟ್ ವೀಸಾದಲ್ಲಿ ಬಂದಿದ್ದ ಅತ್ತೆ ಅಕ್ಕುವಿಗೆ ಹೊಟ್ಟೆ ಉರಿಯುತ್ತದೆಂದು ಸಾರಿಗೆ ಖಾರ ಕಮ್ಮಿ ಹಾಕಿದ್ದಳು.

ಲತೇಶನ ಕೈ ಮೀನಿನದಾಗಿತ್ತು. ಪ್ರಾಪ್ತಿ ಫೋನನ್ನು ಸ್ಪೀಕರಿಗೆ ಹಾಕಿ ನೀರಿನ ಜಗ್ಗಿಗೆ ಒರಗಿಸಿಟ್ಟಳು. ತಿಲಕ್ ಲತೇಶನ ಒಬ್ಬನೇ ತಮ್ಮ, ಕಾರ್ಕಳದ ಕಡೆಯ ಮನೆ ಜಮೀನು ನೋಡಿಕೊಂಡು ಅಲ್ಲೇ ಇರುವವನು. ಕಳೆದ ಮಳೆಗಾಲದಲ್ಲಿ ತೀರಿಕೊಂಡ ಅಪ್ಪ ಪೂವಪ್ಪನವರ ಹೆಸರಿನಲ್ಲಿ ಬೆಳೆ ಕಾಯಲಿಕ್ಕೆಂದು ಒಂದು ಕೋವಿ ಇತ್ತು. ಅದರ ಲೈಸನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅವನು ಅರ್ಜಿ ಹಾಕಿದ್ದ. ಬೀಟ್ ಪೊಲೀಸರು ಜನವರಿಯಲ್ಲೇ ಮನೆಗೆ ಬಂದು ವಿಚಾರಿಸಿ ಹೋಗಿದ್ದರಂತೆ. ಇನ್ನು ಬೇಕಾದದ್ದು ಉಳಿದ ವಾರಸುದಾರರ, ಅಂದರೆ ಅಮ್ಮನ ಮತ್ತು ಅಣ್ಣನ ಒಪ್ಪಿಗೆ. ನಮ್ಮ ಆಕ್ಷೇಪಣೆ ಇಲ್ಲ ಎಂದು ಬರೆದು, ರಾಯಭಾರ ಕಚೇರಿಯಲ್ಲಿ ಸಹಿ ಹಾಕಿ, ಮೊಹರು ಮಾಡಿಸಿ ಕಳಿಸಿದರೆ ಸಾಕು. ಈಗ ಎಲೆಕ್ಷನ್ ಸಮಯ, ಯಾರ ಕೋವಿಯೂ ಠಾಣೆಯಿಂದ ಹೊರಗೆ ಬರುವುದಿಲ್ಲ, ಅಷ್ಟರಲ್ಲಿ ಫೈಲ್ ತಯಾರಾದರೆ ಮತ ಎಣಿಕೆ ಮುಗಿದ ಕೂಡಲೇ ತರಬಹುದು ಎಂದ. ಹಂದಿಗಳ ಕಾಟ ಈ ವರ್ಷ ಹೇಳಿ ತೀರದು, ಮರಗೆಣಸು ಒಂದು ಬುಡ ಉಳಿದಿಲ್ಲ, ಬಾಳೆ ಅರ್ಧ ಹೋಯಿತು ಎಂದ.

"ಆಯ್ತು ಮಾರಾಯ, ಎಂತ ಬರೀಬೇಕು ಅಂತ ಕಳಿಸು" ಎಂದ ಲತೇಶ. ಅಕ್ಕು ಅನ್ನ ಕಲಸುತ್ತ, ಅಪ್ಪನ ವಸ್ತು ಮನೆಗೆ ಬರಲಿ, ಒಳ್ಳೆಯದೇ ಆಯಿತು ಎಂದರು.

ಭವ್ಯಶ್ರೀ ಫೋನಿನ ಕಡೆ ಬಾಗಿ, "ತಿಲಕ್, ದೀಪ್ತಿ ಹೇಗಿದ್ದಾಳೆ?" ಎಂದು ಕೇಳಿದಳು.

"ಇದ್ದಾಳೆ ಅತ್ತಿಗೆ. ದನದ ಹಟ್ಟಿಯಲ್ಲಿದ್ದಾಳೆ" ಎಂದು ಹೇಳಿ ತಿಲಕ್ ಫೋನ್ ಇಟ್ಟ.

ದೀಪ್ತಿ ತಿಲಕನ ಹೆಂಡತಿ. ಎರಡು ವರ್ಷದ ಹಿಂದೆ ಭವ್ಯಶ್ರೀ ರಜೆಗೆ ಹೋಗಿದ್ದಾಗ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವಳು ಒಂದು ವಿಷಯ ಹೇಳಿದ್ದಳು. ಅದಕ್ಕೂ ಹಿಂದಿನ ಬೇಸಗೆಯಲ್ಲಿ ಒಂದು ಭಾನುವಾರ ತಿಲಕ್ ಕ್ರಿಕೆಟ್ ಪಂದ್ಯ ಮುಗಿಸಿ ಚೆನ್ನಾಗಿ ಕುಡಿದು ಬಂದಿದ್ದ. ಸಾರಿಗೆ ಉಪ್ಪು ಹೆಚ್ಚಾದದ್ದರಿಂದ ಶುರುವಾದ ಮಾತು ಎಲ್ಲಿಗೋ ಹೋಯಿತು. ದೀಪ್ತಿ ಮಗುವನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ತಿಲಕ್ ಮನೆಯ ಎದುರಿನ ಚಾವಡಿಯ ಗೋಡೆಯಿಂದ ಕೋವಿ ಇಳಿಸಿ ತಂದು, ಬಚ್ಚಲ ಬಾಗಿಲಿನ ಎದುರು ಮೆಟ್ಟಿಲ ಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತ. ಗದ್ದೆಯಿಂದ ಬಂದ ಪೂವಪ್ಪನವರು ಮಗನ ಪಕ್ಕದಲ್ಲಿ ಕುಳಿತು, ಬಾಯಿ ಬಿಡದೆ, ಅವನ ಕೈ ಸಡಿಲವಾಗುವವರೆಗೆ ಕಾದು ಕೋವಿ ತೆಗೆದುಕೊಂಡರು. ಮಾರನೇ ದಿನವೇ ಅದನ್ನು ಒಯ್ದು ಠಾಣೆಯಲ್ಲಿ ಇಟ್ಟು ಬಂದರು. ಮನೆಯಲ್ಲಿ ಇಡಲು ಭದ್ರವಾದ ಜಾಗ ಇಲ್ಲ ಎಂದಷ್ಟೇ ಅಲ್ಲಿ ಹೇಳಿದರಂತೆ. ದೀಪ್ತಿ ಒಂದಷ್ಟು ದಿನ ಮೂಡುಬಿದಿರೆಯ ತಾಯಿಮನೆಯಲ್ಲಿದ್ದಳು, ಆಮೇಲೆ ಹಿರಿಯರು ಹೋಗಿ ಕರೆತಂದರು. ಯಾರೂ ದೂರು ಕೊಡಲಿಲ್ಲ. ಮನೆಯ ಮರ್ಯಾದೆ ಉಳಿಯಿತು ಎಂದು ಎಲ್ಲರೂ ಸಮಾಧಾನಪಟ್ಟರು.

ಲತೇಶನಿಗೆ ಇದು ಗೊತ್ತಿತ್ತು. ಭವ್ಯಶ್ರೀಯೇ ಹೇಳಿದ್ದಳು. ಅವನು ಆಗ ತಲೆ ತಗ್ಗಿಸಿ ಕೇಳಿಸಿಕೊಂಡು, ಇನ್ನು ಆ ಮಾತು ಎತ್ತಬಾರದು ಎಂದಿದ್ದ.

ಅಂದು ಸಂಜೆ ಇಸ್ತ್ರಿ ಹಾಕುತ್ತ ಅವಳು ಆ ಮಾತು ಎತ್ತಿದಳು. ನೀವು ಸಹಿ ಹಾಕಬೇಡಿ ಎಂದಳು.

ಲತೇಶ ಸಿಟ್ಟು ಮಾಡುವ ಜಾತಿಯಲ್ಲ. ಅವನು ಹಾಸಿಗೆಯ ಅಂಚಿನಲ್ಲಿ ಕುಳಿತು ತನ್ನ ಕಾರಣಗಳನ್ನು ಮೆಲ್ಲಗೆ ಹೇಳಿದ. ತಿಲಕ್ ಈಗ ಮೊದಲಿನ ಹಾಗೆ ಕುಡಿಯುವುದಿಲ್ಲ, ಧರ್ಮಸ್ಥಳದ ಕಡೆಯ ಕುಡಿತ ಬಿಡಿಸುವ ಶಿಬಿರಕ್ಕೂ ಹೋಗಿ ಬಂದಿದ್ದಾನೆ. ಹಂದಿ ಬರುವುದು ಸುಳ್ಳಲ್ಲ. ಅಪ್ಪನ ಕೊನೆಗಾಲದಲ್ಲಿ ಆಸ್ಪತ್ರೆಗೆ ಓಡಾಡಿದವನು ಅವನು.

"ನಾನು ಇಲ್ಲಿ ಎ.ಸಿ. ಹಾಕಿ ಮಲಗುವವನು. ಅಲ್ಲಿ ಮಣ್ಣಲ್ಲಿ ದುಡಿಯುವವನಿಗೆ ಬೇಡ ಅಂತ ಹೇಳ್ಲಿಕ್ಕೆ ನಾನು ಯಾರು?"

"ಅಣ್ಣ."

"ಅಣ್ಣ ಅಂತ ಅವನಿಗೆ ಎಂತ ಮಾಡಿದ್ದೇನೆ ನಾನು?"

"ಎಂತದೂ ಮಾಡಿಲ್ಲ. ಹಾಗಾಗಿ ಈಗ ಮಾಡಿ ಅಂತ ಹೇಳುದು" ಎಂದಳು ಭವ್ಯಶ್ರೀ. ಬಚ್ಚಲು, ಮೆಟ್ಟಿಲು, ಮಗು ಎಲ್ಲವೂ ಆ ಮಾತುಕತೆಯಲ್ಲಿ ಮತ್ತೊಮ್ಮೆ ಬಂದು ಹೋದವು. ಪಕ್ಕದ ಕೋಣೆಯಲ್ಲಿ ಓದುತ್ತಿದ್ದ ಪ್ರಾಪ್ತಿಗೆ ಅದೆಲ್ಲ ಕೇಳಿಸಿತ್ತೆಂದು ಅವರಿಗೆ ಆಗ ಹೊಳೆಯಲಿಲ್ಲ.

ಪ್ರಾಪ್ತಿ ಆ ತಿಂಗಳು ಒಂಬತ್ತನೇ ಕ್ಲಾಸಿಗೆ ಕಾಲಿಟ್ಟಿದ್ದಳು. ಫೆಬ್ರವರಿಯಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಶಾಲೆಯೊಳಗೆ ಗುಂಡು ಹಾರಿ ಮಕ್ಕಳು ಸತ್ತ ಮೇಲೆ ಇವರ ಶಾಲೆಯಲ್ಲೂ ಅದರದೇ ಮಾತು. ಭಾಷಣ ಸ್ಪರ್ಧೆಗೆ ಅವಳು ಅದನ್ನೇ ಆರಿಸಿಕೊಂಡಿದ್ದಳು. ಅಡುಗೆಮನೆಯಲ್ಲಿ ಅಜ್ಜಿ ಬೆಳ್ಳುಳ್ಳಿ ಸುಲಿಯುವಾಗ ಎದುರು ನಿಂತು ಇಂಗ್ಲಿಷಿನಲ್ಲಿ ಒಪ್ಪಿಸುತ್ತಿದ್ದಳು. ಅಕ್ಕು ಅದು ಎಂತದು ಎಂದು ಕೇಳಿದರು.

"ಅಜ್ಜಿ, ಅಲ್ಲಿ ಅಂಗಡಿಯಲ್ಲಿ ಗನ್ ತಗೊಂಡ್ರೆ ಚೆಕ್ ಮಾಡ್ತಾರೆ, ಇವನು ಒಳ್ಳೆಯವನಾ ಅಂತ. ಆದ್ರೆ ಬೇರೆಯವರ ಕೈಯಿಂದ ತಗೊಂಡ್ರೆ ತುಂಬ ಕಡೆ ಯಾರೂ ಕೇಳುದಿಲ್ಲ. ಮತ್ತೆ ಕೆಲವು ಸಲ ಅವನು ಮಾಡಿದ್ದು ಕಂಪ್ಯೂಟರಿಗೆ ಬಂದೇ ಇರುದಿಲ್ಲ. ಆಗ ಚೆಕ್ ಮಾಡಿದ್ರೂ ಪಾಸ್."

"ನಮ್ಮಲ್ಲಿ ಹಾಗಿಲ್ಲ ಮಗ" ಎಂದರು ಅಕ್ಕು. "ಪೊಲೀಸರು ಮನೆಗೇ ಬಂದು ಕೇಳ್ತಾರೆ."

ಒಲೆಯ ಹತ್ತಿರ ನಿಂತಿದ್ದ ಭವ್ಯಶ್ರೀ ತಿರುಗಿದಳು. ಅತ್ತೆಯನ್ನು ಅವಳು ತುಳುವಿನ ರೂಢಿಯಂತೆ ಮಾಮಿ ಎಂದೇ ಕರೆಯುತ್ತಿದ್ದಳು. "ಎಂತ ಕೇಳಿದ್ರು ಮಾಮಿ, ಜನವರಿಯಲ್ಲಿ?"

ಕೇಸು ಗೀಸು ಏನಾದರೂ ಉಂಟಾ ಎಂದು ಕೇಳಿದ್ದರಂತೆ. ಅಕ್ಕು ಇಲ್ಲ ಎಂದರು. ಠಾಣೆಯಲ್ಲಿ ನೋಡಿದರೂ ಇರಲಿಲ್ಲ. ತೋಟದ ಆಚೆಯ ಮನೆಯವರನ್ನು ಕೇಳಿದರು, ಅವರು ಒಳ್ಳೆಯ ಹುಡುಗ ಎಂದರು. ಆಯಿತೆಂದು ಹೋದರು.

"ದೀಪ್ತಿಯನ್ನು ಕೇಳಿದ್ರಾ?"

"ಅವಳನ್ನು ಎಂತಕ್ಕೆ ಕೇಳುದು? ಲೈಸನ್ಸ್ ಅವಳಿಗಾ?" ಎಂದು ಅಕ್ಕು ಬೆಳ್ಳುಳ್ಳಿಯ ತಟ್ಟೆ ಸರಿಸಿ ಎದ್ದು ಹೋದರು.

ಅಂದಿನಿಂದ ಅಕ್ಕು ಸೊಸೆಯ ಜೊತೆ ಬೇಕಾದಷ್ಟೇ ಮಾತು. ತಮ್ಮ ಗಂಜಿಯನ್ನು ತಾವೇ ಬೇಯಿಸಿಕೊಂಡು, ಚಟ್ನಿ ಹಾಕಿಕೊಂಡು, ಎಲ್ಲರಿಗಿಂತ ಮೊದಲು ಉಂಡು ಮುಗಿಸುತ್ತಿದ್ದರು. ತಮ್ಮ ಪಾತ್ರೆ ತಾವೇ ತೊಳೆದು ಕವುಚಿಡುತ್ತಿದ್ದರು. ಅಕ್ಕನ ಹಾಗಿದ್ದವಳು ತಮ್ಮನ ಮೇಲೆ ಹೀಗೆ ಹಗೆ ಸಾಧಿಸಬಾರದು ಎಂದು ಮಗನ ಹತ್ತಿರ ಹೇಳಿದರು. ಲತೇಶ ಅದನ್ನು ಹೆಂಡತಿಗೆ ಹೇಳದೆ ಇರಲಿಲ್ಲ. ರಾಯಭಾರ ಕಚೇರಿಗೆ ಹೋಗುವುದನ್ನು ಮಾತ್ರ ಅವನು ಈ ವಾರ ಆಗುವುದಿಲ್ಲ, ಕಂಪೆನಿಯಲ್ಲಿ ಆಡಿಟ್ ಉಂಟು ಎಂದು ಮುಂದೂಡುತ್ತ ಬಂದ. ತಿಲಕ್ ದಿನಾ ಮೆಸೇಜು ಕಳಿಸುತ್ತಿದ್ದ.

ಭವ್ಯಶ್ರೀ ದೀಪ್ತಿಗೆ ಫೋನ್ ಮಾಡಿದರೆ ಹಿಂದೆ ತಿಲಕನ ದನಿ ಕೇಳುತ್ತಿತ್ತು. ಸೆಕೆ, ಹಾಲು, ಮಗುವಿನ ಶೀತ, ಇಷ್ಟೇ ಮಾತು. ಒಂದು ದಿನ ಬೆಳಿಗ್ಗೆ ವಾಟ್ಸ್ಯಾಪಿನಲ್ಲಿ ಅವಳ ದನಿ ಬಂತು. ಡೈರಿಗೆ ಹಾಲು ಹಾಕಿ ವಾಪಸ್ಸು ಬರುವಾಗ ದಾರಿಯಲ್ಲಿ ನಿಂತು ಹೇಳಿದ್ದಿರಬೇಕು. ಅಕ್ಕ, ನೀವು ಬೇಡ ಅಂತ ಹೇಳ್ತಿದ್ದೀರಿ ಅಂತ ಗೊತ್ತಾಯ್ತು, ಎಂದು ಶುರುಮಾಡಿದ್ದಳು. ಅವರು ಕುಡಿಯುವುದು ಕಮ್ಮಿಯಾಗಿದೆ, ನಿಂತಿಲ್ಲ. ಕೋವಿ ಮನೆಗೆ ಬಂದರೆ ನಾನು ಮಗುವನ್ನು ಬಿಟ್ಟು ಹಟ್ಟಿಗೂ ಹೋಗಲಾರೆ. "ಆದ್ರೆ ನನ್ನ ಹೆಸರು ಮಾತ್ರ ಹೇಳ್ಬೇಡಿ ಅಕ್ಕ. ನೀವೆಲ್ಲ ಅಲ್ಲಿದ್ದೀರಿ. ನಾನು ಇಲ್ಲೇ ಇರ್ಬೇಕು."

ಭವ್ಯಶ್ರೀ ಅದನ್ನು ಎರಡು ಸಲ ಕೇಳಿ ಅಳಿಸಿಹಾಕಿದಳು. ಬೇಡ ಅಂದರೂ ಕಷ್ಟ ದೀಪ್ತಿಗೆ, ಹೂಂ ಅಂದರೂ ಕಷ್ಟ ದೀಪ್ತಿಗೆ. ಲತೇಶ ಸುಮ್ಮನೆ ನಿರಾಕರಿಸಿದರೆ ತಿಲಕ್ ಮೊದಲು ತಿರುಗಿ ನೋಡುವುದು ಹೆಂಡತಿಯನ್ನೇ. ಆ ದಿನ ಅವಳು ಕುಕ್ಕರನ್ನು ನೀರಿಲ್ಲದೆ ಒಲೆಯ ಮೇಲಿಟ್ಟು ಅಡಿ ಹಿಡಿಸಿದಳು.

ಶನಿವಾರ ಸಂಜೆ ಆ ವಿಲ್ಲಾದ ಹೆಂಗಸರು ಕಾರು ನಿಲ್ಲಿಸುವ ಶೀಟಿನ ನೆರಳಿನಲ್ಲಿ ಸೇರುವ ರೂಢಿ. ಕೆಳಗಿನ ಮನೆಯ ಸಬೀನ, ಉಪ್ಪಿನಂಗಡಿ ಕಡೆಯವಳು, ಗೋಳಿಬಜೆ ಕರಿದು ತಂದಿದ್ದಳು. ಪಕ್ಕದ ಕಂಪೌಂಡಿನಿಂದಲೂ ಊರಿನ ಕಡೆಯ ಕೆಲವರು ಬಂದಿದ್ದರು. ಅಕ್ಕುವೂ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಂದು ಬದಿಗೆ ಕುಳಿತಿದ್ದರು. ಪ್ರಾಪ್ತಿಗೆ ಶಾಲೆಯಲ್ಲಿ ಮೊದಲ ಬಹುಮಾನ ಸಿಕ್ಕಿದ ಮಾತು ಬಂತು, ವಿಷಯ ಎಂತದು ಎಂದು ಯಾರೋ ಕೇಳಿದರು. ಭವ್ಯಶ್ರೀ ಹೇಳಿದಳು. ಹೇಳಿ, ಚಹಾ ಬಗ್ಗಿಸುತ್ತ, ನಿಮ್ಮ ಮನೆಗಳಲ್ಲಿ ಕೋವಿ ಉಂಟಾ ಎಂದು ಕೇಳಿದಳು.

ಇತ್ತು. ಒಬ್ಬಳ ತವರಿನಲ್ಲಿ, ಇನ್ನೊಬ್ಬಳ ಮಾವನ ಮನೆಯಲ್ಲಿ, ಸಬೀನಳ ಗಂಡನ ಅಣ್ಣನ ಹತ್ತಿರ. ಲೈಸನ್ಸ್ ಮಾಡುವಾಗ ನಿಮ್ಮನ್ನು ಯಾರಾದರೂ ಏನಾದರೂ ಕೇಳಿದ್ದರಾ ಎಂದು ಭವ್ಯಶ್ರೀ ಕೇಳಿದಾಗ ಎಲ್ಲರೂ ನಕ್ಕರು. ಒಬ್ಬಳು ತಾನು ಪೊಲೀಸರಿಗೆ ಅವಲಕ್ಕಿ ಕಲಸಿ ಕೊಟ್ಟದ್ದು ನೆನಪಿದೆ, ಬೇರೆ ಏನೂ ನೆನಪಿಲ್ಲ ಎಂದಳು.

"ನಮ್ಮಲ್ಲಿ ಪಕ್ಕದ ಮನೆಯವರನ್ನು ಕೇಳಿದ್ರಂತೆ ಭವ್ಯಕ್ಕ" ಎಂದಳು ಸಬೀನ. "ಒಳ್ಳೆ ಜನ ಅಂತ ಹೇಳಿದ್ರು. ಬೇರೆ ಎಂತ ಹೇಳ್ತಾರೆ? ನಾಳೆ ಬೆಳಿಗ್ಗೆ ಅದೇ ಮುಖ ನೋಡ್ಬೇಕಲ್ಲ."

ನಗು ನಿಂತಿತು. ಅವಲಕ್ಕಿ ಕಲಸಿದವಳು, ತನ್ನ ಮಾವ ಅತ್ತೆಗೆ ಸಿಟ್ಟಿನಲ್ಲಿ ತೋರಿಸುತ್ತಿದ್ದದ್ದು ಅದನ್ನೇ ಎಂದು, ನೆಲ ನೋಡುತ್ತ, ತಾನಾಗಿಯೇ ಹೇಳಿದಳು. ಗುಂಡು ಹಾರಿಸಿದ್ದಿಲ್ಲ, ಒಂದು ಸಲವೂ ಇಲ್ಲ. ತೋರಿಸಿದರೆ ಸಾಕಾಗುತ್ತಿತ್ತು. ಅಕ್ಕು ಕೈಯಲ್ಲಿದ್ದ ಗೋಳಿಬಜೆಯನ್ನು ತಿನ್ನದೆ ತಟ್ಟೆಗೆ ಹಾಕಿದರು.

ಅದರ ಮುಂದಿನ ಶುಕ್ರವಾರ ಅಲ್ಲಿನ ಊರಿನವರ ಸಂಘದಲ್ಲಿ ತುಳುವರ ಹೊಸ ವರ್ಷದ ಬಿಸು ಕಾರ್ಯಕ್ರಮ. ಊರಿನ ಅಡುಗೆ, ಮಕ್ಕಳ ಕುಣಿತ, ಅಧ್ಯಕ್ಷ ದ್ವಾರಕನಾಥರ ಉದ್ದದ ಸ್ವಾಗತ. ಶಾಲೆಯಲ್ಲಿ ಗೆದ್ದ ಭಾಷಣವನ್ನು ಕನ್ನಡದಲ್ಲಿ ಮಾಡಲಿ ಎಂದು ಅವರೇ ಪ್ರಾಪ್ತಿಗೆ ಹೇಳಿದ್ದರು. ಅವಳು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದುಕೊಂಡು ವಾರವಿಡೀ ಬಾಯಿಪಾಠ ಮಾಡಿದ್ದಳು. ಅಮೆರಿಕದ್ದು ಮಾತ್ರ ಮಾತಾಡು, ಬೇರೆ ಎಂತದೂ ಬೇಡ ಎಂದು ಲತೇಶ ಕಾರಿನಲ್ಲಿ ಹೇಳಿದ. ಪ್ರಾಪ್ತಿ, "ಓಕೆ ಪಪ್ಪ" ಎಂದಳು.

ಅಮೆರಿಕದ್ದು ಎಲ್ಲವನ್ನೂ ಅವಳು ಸರಿಯಾಗಿಯೇ ಹೇಳಿದಳು. ಚಪ್ಪಾಳೆ ಬಂತು. ಅವಳು ವೇದಿಕೆಯಿಂದ ಇಳಿಯಲಿಲ್ಲ.

"ನಮ್ಮ ಊರಿನಲ್ಲಿ ಎಲ್ಲರಿಗೂ ಲೈಸನ್ಸ್ ಬೇಕು. ಅದು ಒಳ್ಳೆಯದು. ಪೊಲೀಸರು ಮನೆಗೆ ಬಂದು ಕೇಸ್ ಉಂಟಾ ಅಂತ ನೋಡ್ತಾರೆ. ಆದ್ರೆ ಮನೆಯವರು ಕಂಪ್ಲೇಂಟ್ ಕೊಡದಿದ್ರೆ ಕೇಸ್ ಇರುದಿಲ್ಲ. ಕೇಸ್ ಇಲ್ಲದಿದ್ರೆ ಎಲ್ಲ ಕ್ಲಿಯರ್. ಅಮೆರಿಕದ ಕಾನೂನಿನಲ್ಲಿ ತೂತು ಎಲ್ಲಿ ಉಂಟು ಅಂತ ನಾನು ಹೇಳಿದೆ. ನಮ್ಮಲ್ಲಿ ಎಲ್ಲಿ ಉಂಟು? ಆ ಮನೆಯ ಹೆಂಗಸರನ್ನು ಯಾರಾದ್ರೂ ಕೇಳಿದ್ದಾರಾ? ನಿಮ್ಮ ಮನೆಯಲ್ಲಿ ಕೇಳಿದ್ದಾರಾ? ನೀವು ಫೋನ್ ಮಾಡುವಾಗ ಒಮ್ಮೆ ಕೇಳಿ."

ಈ ಸಲ ಮೊದಲು ಕೈ ತಟ್ಟಿದವಳು ಹಿಂದಿನ ಸಾಲಿನ ಒಬ್ಬ ಹೆಂಗಸು, ಆಮೇಲೆ ಹೆಂಗಸರ ಕಡೆಯಿಂದ ಒಂದಿಷ್ಟು ಸದ್ದು ಬಂತು. ದ್ವಾರಕನಾಥರು ಮೈಕು ತೆಗೆದುಕೊಂಡು, ಮಕ್ಕಳು ಎಷ್ಟು ಮುಂದುವರಿದಿದ್ದಾರೆ ನೋಡಿ ಎಂದು ನಕ್ಕು ಮುಂದಿನ ನೃತ್ಯಕ್ಕೆ ಕರೆದರು. ಊಟದ ಸಾಲಿನಲ್ಲಿ ಇಬ್ಬರು ಗಂಡಸರು ಲತೇಶನ ಹತ್ತಿರ, ಎಂತ ಮಾರಾಯ, ಹುಡುಗಿಗೆ ಇದೆಲ್ಲ ಕಲಿಸಿದ್ದು ನೀನಾ ಎಂದು ಕೇಳಿದರು. ಮನೆಗೆ ಬರುವವರೆಗೆ ಕಾರಿನಲ್ಲಿ ಅಕ್ಕು ಮೊಮ್ಮಗಳ ಕೈಯನ್ನು ತಮ್ಮ ಮಡಿಲಲ್ಲಿ ಹಿಡಿದುಕೊಂಡಿದ್ದರು. ಭವ್ಯಶ್ರೀ ಅದನ್ನು ಕನ್ನಡಿಯಲ್ಲಿ ನೋಡಿದಳು.

ಯಾರೋ ಆ ಭಾಷಣವನ್ನು ವಿಡಿಯೋ ಮಾಡಿದ್ದರು. ಅದು ದುಬೈಗೆ ಹೋಯಿತು, ಮುಂಬೈಗೆ ಹೋಯಿತು, ಮೂರನೇ ದಿನ ಕಾರ್ಕಳಕ್ಕೂ ತಲುಪಿತು. ಲತೇಶ ಕೆಲಸದಿಂದ ಬಂದು ಸಾಕ್ಸ್ ಬಿಚ್ಚುತ್ತಿದ್ದಾಗ ತಿಲಕನ ಫೋನ್ ಬಂತು. ಈ ಸಲ ಸ್ಪೀಕರ್ ಹಾಕದಿದ್ದರೂ ದನಿ ಅಡುಗೆಮನೆಯವರೆಗೆ ಕೇಳುತ್ತಿತ್ತು. ಸೊಸೈಟಿಯಲ್ಲಿ, ಅಂಗಡಿಯಲ್ಲಿ ಜನ ತನ್ನನ್ನು ನೋಡಿ ಕೇಳುತ್ತಿದ್ದಾರೆ, ನಿಮ್ಮ ಅಣ್ಣನ ಮಗಳಲ್ಲವಾ ಎಂದು. ಹುಡುಗಿಯ ಬಾಯಿಗೆ ಈ ಮಾತು ಹಾಕಿದ್ದು ಯಾರೆಂದು ತನಗೆ ಗೊತ್ತುಂಟು, ದೀಪ್ತಿಯ ಕೈಯಲ್ಲಿ ಯಾವಾಗಲೂ ಫೋನ್ ಇರುತ್ತದೆ, ಇವತ್ತು ಕೇಳಿಯೇ ಬಿಡುತ್ತೇನೆ ಎಂದ. ಲತೇಶ ತಡೆದು ತಡೆದು, ಅವಳಲ್ಲ, ಅವಳಲ್ಲ ಎನ್ನುತ್ತಿದ್ದ. ಭವ್ಯಶ್ರೀ ಕೈ ಒರೆಸಿಕೊಂಡು ಹೊರಗೆ ಬಂದಳು, ತಾನೇ ಎಂದು ಹೇಳುವುದೆಂದು ನಿಶ್ಚಯಿಸಿ. ಅಷ್ಟರಲ್ಲಿ ಸೋಫಾದಲ್ಲಿ ಕುಳಿತಿದ್ದ ಅಕ್ಕು ಕೈ ಚಾಚಿದರು.

"ಇಲ್ಲಿ ಕೊಡು."

ಲತೇಶ ಕೊಟ್ಟ.

"ತಿಲಕಾ, ನಾನು. ಮಗುವಿಗೆ ಹೇಳಿದ್ದು ನಾನು."

ಆ ಕಡೆಯಿಂದ ಏನೋ ಬಂತು. ಅಕ್ಕು ಮುಗಿಯುವವರೆಗೆ ಕೇಳಿದರು. ಆಮೇಲೆ ಪಕ್ಕದ ಮನೆಯವರ ಜೊತೆ ಮಳೆ ಬಿಸಿಲಿನ ಮಾತಾಡುವಷ್ಟು ಮೆಲ್ಲಗೆ ಹೇಳಿದರು. "ದೀಪ್ತಿ ಯಾರಿಗೆ ಎಂತ ಹೇಳ್ತಾಳೆ? ಅವಳು ಬಾಗಿಲಿನ ಒಳಗಿದ್ದಳು. ಅವಳಿಗೆ ನಿನ್ನ ಮುಖ ಕಾಣ್ತಾ ಇರ್ಲಿಲ್ಲ. ನಾನು ಹೊರಗಿದ್ದೆ. ನನಗೆ ಕಾಣ್ತಿತ್ತು." ಅದೇ ದನಿಯಲ್ಲಿ, "ನಿನ್ನ ಅಪ್ಪ ಕೋವಿಯನ್ನು ಠಾಣೆಯಲ್ಲಿಟ್ಟು ಬಂದದ್ದು ಯಾಕೆ ಅಂತ ನಿನಗೂ ಗೊತ್ತುಂಟು. ಪೊಲೀಸರ ಹತ್ತಿರ ನಾನು ಸುಳ್ಳು ಹೇಳಿದೆ. ಇನ್ನೊಂದು ಸಲ ಹೇಳುದಿಲ್ಲ. ನನ್ನ ಸಹಿ ಇಲ್ಲ" ಎಂದರು.

ಫೋನನ್ನು ಅವರು ಮಗನಿಗೆ ವಾಪಸ್ಸು ಕೊಟ್ಟರು. ಲತೇಶ ಅದನ್ನು ಕಿವಿಗೆ ಹಿಡಿದು, "ನನ್ನದೂ ಇಲ್ಲ ತಿಲಕ್. ಬೇಲಿ ನಾನು ಹಾಕಿಸಿ ಕೊಡ್ತೇನೆ. ಕೋವಿ ಬೇಡ" ಎಂದ. ತಿಲಕ್ ಫೋನ್ ಕಟ್ ಮಾಡಿದ.

ಆಮೇಲೆ ಕೆಲಸಗಳು ಬೇಗ ಬೇಗ ಆದವು. ಲತೇಶ ಮೂಡುಬಿದಿರೆಗೆ ದೀಪ್ತಿಯ ಅಣ್ಣನಿಗೆ ಫೋನ್ ಮಾಡಿ, ಈಗಲೇ ಹೊರಡಿ, ತಂಗಿಯನ್ನೂ ಮಗುವನ್ನೂ ಕರೆದುಕೊಂಡು ಹೋಗಿ, ಕಾರಣ ಆಮೇಲೆ ಹೇಳುತ್ತೇನೆ ಎಂದ. ರಾತ್ರಿ ಊಟಕ್ಕೆ ಮೊದಲೇ ಅವರು ತಾಯಿಮನೆ ತಲುಪಿದ ಸುದ್ದಿ ಬಂತು. ಭವ್ಯಶ್ರೀ ನೀರುದೋಸೆ ಹೊಯ್ದಳು. ಅಕ್ಕು ತಮ್ಮ ಗಂಜಿ ಬೇಯಿಸಲು ಹೋಗಲಿಲ್ಲ. ಮೇಜಿಗೆ ಬಂದು ಕುಳಿತು, ಬೆಲ್ಲ ಹಾಕಿದ ತೆಂಗಿನತುರಿ ಇನ್ನೂ ಸ್ವಲ್ಪ ಉಂಟಾ ಎಂದು ಸೊಸೆಯನ್ನು ಕೇಳಿದರು.

ಪ್ರಾಪ್ತಿ ತಟ್ಟೆ ನೋಡುತ್ತ, "ಅಜ್ಜಿ, ನೀವು ನನಗೆ ಎಂತದೂ ಹೇಳಿರ್ಲಿಲ್ಲ" ಎಂದಳು.

"ಹೌದು. ಹೇಳ್ಬೇಕಿತ್ತು" ಎಂದರು ಅಕ್ಕು.

ಮುಂದಿನ ಭಾನುವಾರ ಲತೇಶ ರಜೆ ಹಾಕಿದ. ರಾಯಭಾರ ಕಚೇರಿಗೆ ಹೋಗುವ ಮೊದಲು ಟೈಪಿಂಗ್ ಸೆಂಟರಿನಲ್ಲಿ ಪತ್ರ ತಯಾರು ಮಾಡಿಸಬೇಕಿತ್ತು. ಅವನು ಹೇಳಿ ಟೈಪ್ ಮಾಡಿಸಿದ್ದನ್ನು ಅಕ್ಕು ಓದಿ ಹೇಳಲು ಭವ್ಯಶ್ರೀಗೆ ಕೊಟ್ಟರು. ಅವಳು ಒಂದೊಂದೇ ಸಾಲನ್ನು ತುಳುವಿನಲ್ಲಿ ಹೇಳಿದಳು. ಪೂವಪ್ಪನವರ ವಾರಸುದಾರರಾದ ನಾವು, ಕೆಲವು ಖಾಸಗಿ ಕಾರಣಗಳಿಂದ, ಈ ಲೈಸನ್ಸ್ ವರ್ಗಾವಣೆಗೆ ಆಕ್ಷೇಪಿಸುತ್ತೇವೆ ಎಂದಿತ್ತು.

"ಖಾಸಗಿ ಅಂದ್ರೆ ಎಂತ?" ಎಂದು ಅಕ್ಕು ಕೇಳಿದರು.

"ಮನೆಯ ವಿಷಯ ಅಂತ ಅಮ್ಮ" ಎಂದ ಲತೇಶ.

"ಅದನ್ನು ತೆಗಿ. ಎಂತ ಆಯ್ತು ಅಂತ ಬರೆಸು."

"ಅವನ ಹೆಸರಿಗೆ ಕಲೆ ಆಗ್ತದೆ ಅಮ್ಮ."

"ಆಗ್ಲಿ" ಎಂದರು ಅಕ್ಕು. "ನಾಳೆ ಅವನು ಬೇರೆ ಎಲ್ಲಿಯಾದ್ರೂ ಕೋವಿ ಕೇಳಿದ್ರೆ ಅವರಿಗೆ ಕಾಣ್ಬೇಕಲ್ಲ. ಅದಕ್ಕೇ ಅಲ್ವಾ ಬರೆಯುದು?"

ಲತೇಶ ಹೊರಗೆ ಹೋಗಿ ಸ್ವಲ್ಪ ಹೊತ್ತು ಬಿಸಿಲಿನಲ್ಲಿ ನಿಂತು ಬಂದ. ಆಮೇಲೆ ತಾನೇ ಕುಳಿತು ಟೈಪ್ ಮಾಡುವವನಿಗೆ ಇಂಗ್ಲಿಷಿನಲ್ಲಿ ಹೇಳಿದ. ಕುಡಿದದ್ದು, ಬಚ್ಚಲು, ಮೆಟ್ಟಿಲು, ಕೋವಿ, ಅದನ್ನು ಕಣ್ಣಾರೆ ಕಂಡದ್ದು ತಾಯಿ ಅಕ್ಕು. ದೀಪ್ತಿ ಏನು ಹೇಳಿದಳೆಂಬುದು ಅದರಲ್ಲಿ ಎಲ್ಲಿಯೂ ಬರಲಿಲ್ಲ. ತಮ್ಮನ ಹೆಸರನ್ನು ಅವನು ಎರಡು ಸಲ ಹೇಳಬೇಕಾಯಿತು. ಕೇರಳದ ಆ ಟೈಪಿಸ್ಟ್ ಬೆರಳು ನಿಲ್ಲಿಸಿ ಕಾದು, ಮತ್ತೆ ಹೇಳಿದ್ದನ್ನು ಬರೆದುಕೊಂಡ. ಕೌಂಟರಿನಲ್ಲಿ ಪಾಸ್‌ಪೋರ್ಟ್ ನೋಡಿ, ಸಹಿ ನೋಡಿ, ಮೊಹರು ಒತ್ತಿ ಕೊಟ್ಟರು. ಅಕ್ಕು ಕನ್ನಡದಲ್ಲಿ, ಅಕ್ಷರ ಕೂಡಿಸಿ ಕೂಡಿಸಿ, ತಮ್ಮ ಹೆಸರು ಬರೆದರು.

ಮಳೆಗಾಲದವರೆಗೆ ವೀಸಾ ಮುಂದುವರಿಸೋಣ ಎಂದು ಲತೇಶ ಹೇಳಿದ್ದನ್ನು ಅಕ್ಕು ಒಪ್ಪಲಿಲ್ಲ. ತಿಲಕನನ್ನು ಹೆತ್ತದ್ದು ನಾನು, ಒಬ್ಬನೇ ಇರಲು ಬಿಡಲಿಕ್ಕಾಗುವುದಿಲ್ಲ, ದೀಪ್ತಿಯನ್ನು ಅವನೊಬ್ಬನ ಹತ್ತಿರ ಕಳಿಸಲಿಕ್ಕೂ ಆಗುವುದಿಲ್ಲ ಎಂದರು. ಚುನಾವಣೆಯ ಫಲಿತಾಂಶ ಬಂದ ವಾರವೇ, ರಂಜಾನ್ ಉಪವಾಸ ಶುರುವಾಗುವ ಹೊತ್ತಿಗೆ, ಲತೇಶ ಅಮ್ಮನ ಜೊತೆ ಊರಿಗೆ ಹೋದ. ಸಬೀನ ದಾರಿಗೆಂದು ಖರ್ಜೂರ ಕಟ್ಟಿ ಕೊಟ್ಟಳು. ತಿಲಕ್ ವಿಮಾನ ನಿಲ್ದಾಣಕ್ಕೆ ಬರಲಿಲ್ಲ. ಮನೆಯಲ್ಲಿ ಅಣ್ಣನ ಜೊತೆ ಮಾತೂ ಆಡಲಿಲ್ಲ. ಲತೇಶ ಪತ್ರವನ್ನು ಕೊಡಬೇಕಾದ ಕಚೇರಿಗೆ ಕೊಟ್ಟು, ಜಮೀನಿಗೆ ಸೋಲಾರ್ ಬೇಲಿ ಹಾಕಿಸಿ, ರಜೆ ಮುಗಿಸಿ ಬಂದ. ತಿಂಗಳೆರಡು ಕಳೆದ ಮೇಲೆ ಅರ್ಜಿ ತಿರಸ್ಕಾರವಾಯಿತೆಂಬ ಸುದ್ದಿ ಬಂತು. ಕೋವಿಯನ್ನು ಸರಕಾರಕ್ಕೇ ಬಿಟ್ಟುಕೊಡುವುದೆಂದು ಅಕ್ಕು ಹೇಳಿದರು.

ಎಲ್ಲವೂ ಸರಿಹೋಯಿತೆಂದು ಹೇಳುವಂತಿಲ್ಲ. ತಿಲಕ್ ಕೆಲವು ದಿನ ವಿಪರೀತ ಕುಡಿದ. ಕುಡಿದ ದಿನ ಚಾವಡಿ ಹತ್ತಬಾರದೆಂದು ಅಕ್ಕು ಹೇಳಿದ ಮೇಲೆ ಎರಡು ರಾತ್ರಿ ಹಟ್ಟಿಯ ಅಟ್ಟದಲ್ಲಿ ಮಲಗಿದ. ಆಮೇಲೆ ಮತ್ತೆ ಶಿಬಿರಕ್ಕೆ ಹೋದ, ಈ ಸಲ ತಾಯಿಯೇ ಕರೆದುಕೊಂಡು ಹೋದದ್ದು. ದೀಪ್ತಿ ತಾಯಿಮನೆಯಿಂದ ಬಂದದ್ದು ಅವನು ಶಿಬಿರ ಮುಗಿಸಿ ಬಂದ ಮೇಲೆ. ಹಂದಿಗಳು ಒಂದು ಸಲ ಬೇಲಿ ಮುರಿದು ಬಂದವು. ಲತೇಶನ ಹುಟ್ಟುಹಬ್ಬಕ್ಕೆ ತಮ್ಮನಿಂದ ಮೆಸೇಜು ಬರಲಿಲ್ಲ. ಅವನು ದಿನವಿಡೀ ಫೋನ್ ನೋಡಿಕೊಂಡಿದ್ದ.

ಶಾಲೆಗಳಿಗೆ ಬೇಸಗೆ ರಜೆ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಭವ್ಯಶ್ರೀಗೆ ಒಂದು ವಿಡಿಯೋ ಬಂತು. ಪಂಚಾಯತಿಯ ಗ್ರಾಮಸಭೆ. ಹೊರಗೆ ಮಳೆಯಿರಬೇಕು, ಬಾಗಿಲ ಹತ್ತಿರ ಕೊಡೆಗಳು ಬಿಚ್ಚಿ ನಿಂತಿದ್ದವು. ಮೇಜಿನ ಹಿಂದೆ ಪಂಚಾಯತಿಯವರು, ಒಬ್ಬ ಪೊಲೀಸ್. ನೀರು, ರಸ್ತೆ, ಬೀದಿದೀಪದ ಮಾತು ಮುಗಿದು ಕೋವಿ ಲೈಸನ್ಸಿನ ಮಾತು ಬಂದಾಗ ಎದ್ದು ನಿಂತದ್ದು ಅಕ್ಕು. ಬಿಳಿ ಅಂಚಿನ ಸೀರೆ, ಕೈಯಲ್ಲಿ ಮೈಕು. ಇಲ್ಲಿಯವರೆಗೆ ಅವರು ಸ್ವಸಹಾಯ ಸಂಘದ ಸಭೆಯಲ್ಲೂ ಬಾಯಿ ಬಿಟ್ಟವರಲ್ಲ. ಮೈಕನ್ನು ತುಟಿಗೆ ಒತ್ತಿ ಹಿಡಿದದ್ದರಿಂದ ಮೊದಲ ಮಾತು ಬರೀ ಗುಂಯ್ ಎಂದು ಕೇಳಿತು. ಭವ್ಯಶ್ರೀ ಪ್ರಾಪ್ತಿಯನ್ನು ಕೂಗಿ ಕರೆದಳು. ಇಬ್ಬರೂ ಫೋನಿನ ಮೇಲೆ ಬಾಗಿದರು.

ಆಗ ಫೋನಿಗೆ ತೀರ ಹತ್ತಿರದಿಂದ, ವಿಡಿಯೋ ಮಾಡುತ್ತಿದ್ದವಳ ದನಿ, ಸಭೆಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಬಂತು. "ಮಾಮಿ, ಮೈಕು ಸ್ವಲ್ಪ ದೂರ ಹಿಡೀರಿ. ಎಲ್ಲರಿಗೂ ಕೇಳ್ಬೇಕು."

ದನಿ ದೀಪ್ತಿಯದು. ಅಕ್ಕು ಮೈಕನ್ನು ದೂರ ಸರಿಸಿ, ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಶುರುಮಾಡಿದರು.